ಬಸ್ ಡಿಪೋ ಕಟ್ಟಡದ ತಪಾಸಣೆ: ಕೆಲಸ ಚೆನ್ನ, ವರದಿ ಭಾರ

ಡಿಪೋ ಕಟ್ಟಡದ ನಿರ್ವಹಣೆ ನನ್ನ ಪಾಲಿನ ಕೆಲಸ. ಹಳೇ ಫ್ಯಾನು, ಪಂಪು, ಏಸಿ ನೋಡಿ ಯಾವುದನ್ನು ಬದಲಿಸಬೇಕು ಅಂತ ಹೇಳಲು ಒಂದು ತಂಡವನ್ನು ಕರೆಸಿದ್ದೆವು.

ಅವರು ನಕ್ಷೆ ನೋಡಿ ಸುಮ್ನೆ ಬರೆದುಕೊಂಡು ಹೋಗಲಿಲ್ಲ. ಏಣಿ ಹತ್ತಿ ಡಕ್ಟ್ (ಗಾಳಿ ಸಾಗುವ ಕೊಳವೆ) ಬಾಯಿಗೆ ಗಾಳಿ ಅಳೆಯುವ ಮೀಟರ್ ಹಿಡಿದರು. ರಿಪೇರಿ ಶೆಡ್ಡಿನ ಎಕ್ಸಾಸ್ಟ್ ಫ್ಯಾನಿನ ಸದ್ದೇನೋ ಜೋರಾಗಿತ್ತು, ಗಾಳಿ ಮಾತ್ರ ಎಳೆಯುತ್ತಿರಲಿಲ್ಲ. ಬೆಲ್ಟ್ ಸಡಿಲ. ಗಾಳಿಯ ಹರಿವು ಹೆಚ್ಚು ಕಡಿಮೆ ಮಾಡುವ ತಗಡಿನ ಬಾಗಿಲು, ಅಂದರೆ ಡ್ಯಾಂಪರ್, ತುಕ್ಕು ಹಿಡಿದು ಅರ್ಧ ಮುಚ್ಚಿಕೊಂಡಿತ್ತು. ಹೊಸ ಫ್ಯಾನ್ ಮಾರುವ ಅವಕಾಶ ಬಿಟ್ಟು, ಮೊದಲು ಇದನ್ನು ಸರಿಮಾಡಿಸಿ ಅಂದರು. ಹೀಗೆ ಹೇಳುವವರು ಅಪರೂಪ ಅಲ್ವಾ?

ಆಮೇಲೆ ಫ್ಯಾನಿಗೆ ವೇಗ ಹೊಂದಿಸುವ ಡ್ರೈವ್ ಹಾಕಿಸಿದರು. ವೇಗ 20% ಇಳಿಸಿದರೆ ಫ್ಯಾನಿಗೆ ಬೇಕಾದ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೊಗೆ ಹೆಚ್ಚಾದಾಗ ವೇಗ ತಾನಾಗೇ ಏರಲು ಸೆನ್ಸರ್ ಇದೆ. ಡೀಸೆಲ್ ಬಸ್ಸಿರುವ ಕಡೆ ಕಾರ್ಬನ್ ಮೊನಾಕ್ಸೈಡ್ ಒಂದನ್ನೇ ನೋಡಿದರೆ ಸಾಲದು, ನೈಟ್ರೋಜನ್ ಡೈಆಕ್ಸೈಡನ್ನೂ ಅಳೆಯಬೇಕು ಅಂತ ಪಟ್ಟು ಹಿಡಿದರು. ಸಿಎನ್‌ಜಿ ಬಸ್ ಬರುವುದಿದ್ದರೆ ಸೋರಿಕೆ ಪತ್ತೆ ಸೆನ್ಸರ್ ಚಾವಣಿ ಹತ್ತಿರ ಇರಬೇಕು, ಆ ಗ್ಯಾಸ್ ಗಾಳಿಗಿಂತ ಹಗುರ ಅಂತಲೂ ಹೇಳಿದರು.

ಬೇಸರ ಆಗಿದ್ದು ವರದಿ ನೋಡಿ. ಫೋಟೋಗಳ ರಾಶಿ, ತುರ್ತಾಗಿ ಏನು ಮಾಡಬೇಕು ಅನ್ನೋದು ಎಲ್ಲೋ ಕೊನೆಯಲ್ಲಿ. ಸೆನ್ಸರ್ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯಾ ಅಂತ ನೋಡಿ ಹೊಂದಿಸುವುದು) ನಮ್ಮ ಹುಡುಗರಿಗೆ ಕಲಿಸಲೂ ಇಲ್ಲ, ಕೇಳಿದರೆ ಅದಕ್ಕೆ ಬೇರೆ ಬಿಲ್ ಅಂದರು. ಕರೆಸುವವರು ತರಬೇತಿಯನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.