ಪ್ರವಾಸದ ಬ್ಯಾಗಿನಲ್ಲಿ ಯಾವ ಫಿಲ್ಟರ್ ಇರಬೇಕು?

ಊರೂರು ಸುತ್ತುವಾಗ ಕ್ಯಾಮೆರಾ ಬ್ಯಾಗು ಹಗುರವಾದಷ್ಟೂ ಒಳ್ಳೆಯದು. ಅದಕ್ಕೇ ಲೆನ್ಸಿನ ಮುಂದೆ ಹಾಕುವ ಫಿಲ್ಟರ್ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಗಾಜು ಮಾಡುವ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಬಹುದಾ? ಮಾಡಬಹುದು ಅಂತಾದರೆ ಅದು ಮನೆಯಲ್ಲೇ ಇರಲಿ. ಪೋಲರೈಸರ್, ಎನ್‌ಡಿ, ಗ್ರಾಜುಯೇಟೆಡ್ ಎನ್‌ಡಿ, ಯುವಿ ಎಲ್ಲವನ್ನೂ ಹೊತ್ತು ತಿರುಗಿದ್ದೇನೆ. ಈ ಪ್ರಶ್ನೆಯ ಮುಂದೆ ಪೂರ್ತಿ ಗೆದ್ದದ್ದು ಒಂದು. ಇನ್ನೊಂದು ಅರ್ಧ ಗೆದ್ದಿತು.

ಪೂರ್ತಿ ಗೆದ್ದದ್ದು ಪೋಲರೈಸರ್, ಅಂದರೆ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ, ತಿರುಗಿಸಬಹುದಾದ ಗಾಜು. ಇದನ್ನು ನೀಲಿ ಆಕಾಶಕ್ಕೆ ಅಂತಲೇ ಜಾಸ್ತಿ ಜನ ಕೊಳ್ಳುತ್ತಾರೆ. ನನಗೆ ಮಾತ್ರ ಇದರ ನಿಜವಾದ ಬೆಲೆ ತಿಳಿಯುವುದು ಮೋಡ ಕವಿದ ದಿನ, ಮಳೆ ನಿಂತ ಮೇಲೆ, ಕಾಡಿನಲ್ಲಿ. ಒದ್ದೆ ಎಲೆಗಳ ಮೇಲೆ ಬೆಳ್ಳನೆಯ ಹೊಳಪು ಇರುತ್ತದೆ ನೋಡಿ, ಫಿಲ್ಟರಿನ ಉಂಗುರ ತಿರುಗಿಸುತ್ತಾ ಹೋದಂತೆ ಅದು ಮೆಲ್ಲಗೆ ಕರಗುತ್ತದೆ, ಅಡಿಯಲ್ಲಿದ್ದ ಹಸಿರು ಮೇಲೆ ಬರುತ್ತದೆ. ತೊರೆಯ ನೀರಿನಲ್ಲಿ ಆಕಾಶದ ಬಿಂಬ ಮಾಯವಾಗಿ ತಳದ ಕಲ್ಲುಗಳು ಒಂದೊಂದಾಗಿ ಕಾಣತೊಡಗುತ್ತವೆ. ನೀರಿನ ಮೇಲ್ಮೈಯಿಂದ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಇದು ಎಲ್ಲಕ್ಕಿಂತ ಚೆನ್ನಾಗಿ ಆಗುತ್ತದೆ. ನೇರ ಮೇಲಿನಿಂದ ಬಗ್ಗಿ ನೋಡಿದರೆ ಉಂಗುರ ಎಷ್ಟು ತಿರುಗಿಸಿದರೂ ಅಷ್ಟೇ. ಕಂಪ್ಯೂಟರಿನಲ್ಲಿ ಹಸಿರನ್ನು ಬೇಕಾದಷ್ಟು ಗಾಢ ಮಾಡಬಹುದು. ಆದರೆ ಹೊಳಪಿನ ಅಡಿ ಮುಚ್ಚಿಹೋದ ಎಲೆಯ ನರ, ಬಿಂಬದ ಹಿಂದೆ ಅಡಗಿದ ಕಲ್ಲು ಫೈಲಿನಲ್ಲೇ ಇಲ್ಲದಿದ್ದರೆ ಎಲ್ಲಿಂದ ತರುವುದು?

ಆಕಾಶದ ವಿಷಯಕ್ಕೆ ಬಂದರೆ, ಸೂರ್ಯನಿಂದ 90 ಡಿಗ್ರಿ ದೂರದ ಭಾಗದಲ್ಲಿ ಇದರ ಪರಿಣಾಮ ಹೆಚ್ಚು. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ಅದಕ್ಕೆ ಅಡ್ಡವಾಗಿ ನಿಲ್ಲಿಸಿ, ಮುಂಗೈ ತಿರುಗಿಸಿ. ಹೆಬ್ಬೆರಳು ತೋರಿಸುವ ಕಡೆಯೆಲ್ಲ ನೀಲಿ ಗಾಢವಾಗುತ್ತದೆ. 16 ಮಿಮೀಯಂಥ ವೈಡ್ (ಅಗಲ ನೋಟದ) ಲೆನ್ಸಿನಲ್ಲಿ ಇದೇ ತೊಂದರೆ ಕೊಡುತ್ತದೆ. ಆಕಾಶದ ಒಂದು ಪಟ್ಟಿ ಮಾತ್ರ ಕಪ್ಪಾಗಿ, ಅಕ್ಕಪಕ್ಕ ತೆಳುವಾಗಿ ಉಳಿಯುತ್ತದೆ. ಅಂಥ ಕಡೆ ನಾನು ಪರಿಣಾಮವನ್ನು ಅರ್ಧಕ್ಕೆ ಇಳಿಸುತ್ತೇನೆ, ಇಲ್ಲವೇ ಫಿಲ್ಟರನ್ನೇ ತೆಗೆಯುತ್ತೇನೆ. ವಿಮಾನದ ಕಿಟಕಿಯಲ್ಲೂ ತೆಗೆಯಲೇಬೇಕು, ಆ ಪ್ಲಾಸ್ಟಿಕ್ ಪೋಲರೈಸರ್ ಮೂಲಕ ಬಣ್ಣಬಣ್ಣದ ಪಟ್ಟೆಗಳಾಗಿ ಕಾಣುತ್ತದೆ. ಕಾಮನಬಿಲ್ಲು ಮೂಡಿದಾಗ ಉಂಗುರವನ್ನು ಹುಷಾರಾಗಿ ತಿರುಗಿಸಿ. ಒಂದು ಕೋನದಲ್ಲಿ ಬಿಲ್ಲು ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ಅಳಿಸಿಯೇ ಹೋಗುತ್ತದೆ. ಬೆಳಕು ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಕಡಿಮೆಯಾಗುವುದರಿಂದ ಸಂಜೆಯಾದ ಮೇಲೆ ಇದಕ್ಕೆ ಕೆಲಸವಿಲ್ಲ.

ಅರ್ಧ ಗೆದ್ದದ್ದು ಎನ್‌ಡಿ, ಅಂದರೆ ಬೆಳಕನ್ನಷ್ಟೇ ಕಡಿಮೆ ಮಾಡುವ ಕಪ್ಪು ಗಾಜು. ಇಲ್ಲಿ ನಿಜವಾದ ಪೈಪೋಟಿ 6 ಸ್ಟಾಪಿಗೂ 10 ಸ್ಟಾಪಿಗೂ. ನೆರಳಿನಲ್ಲಿರುವ ಜಲಪಾತಕ್ಕೆ ಶಟರ್ ತೆರೆದಿರುವ ಹೊತ್ತು 1/60 ಸೆಕೆಂಡು ಬಂತು ಅಂತಿಟ್ಟುಕೊಳ್ಳಿ. 6 ಸ್ಟಾಪ್ ಹಾಕಿದರೆ ಅದು ಸುಮಾರು 1 ಸೆಕೆಂಡು ಆಗುತ್ತದೆ. 10 ಸ್ಟಾಪ್ ಹಾಕಿದರೆ ಸುಮಾರು 17 ಸೆಕೆಂಡು. 1 ಸೆಕೆಂಡಿನಲ್ಲಿ ನೀರು ಮೆತ್ತಗಾದರೂ ಬೀಳುವ ಎಳೆಗಳು ಉಳಿಯುತ್ತವೆ, ನೀರಿಗೊಂದು ಓಟ ಇರುತ್ತದೆ. 17 ಸೆಕೆಂಡಿನಲ್ಲಿ ಅದು ಹೊಗೆ. ಸಮುದ್ರವನ್ನು ಕನ್ನಡಿ ಮಾಡಬೇಕು, ಜನ ಓಡಾಡುವ ಚೌಕವನ್ನು ಖಾಲಿ ಕಾಣಿಸಬೇಕು ಅನ್ನುವವರಿಗೆ 10 ಸ್ಟಾಪೇ ಸರಿ. ಆದರೆ ಅಷ್ಟು ಕಪ್ಪು ಗಾಜಿನಲ್ಲಿ ಬಣ್ಣ ಒಂದು ಕಡೆ ವಾಲುವುದು ಜಾಸ್ತಿ, ಆಟೋಫೋಕಸ್ ತಡಕಾಡುತ್ತದೆ. ಮೊದಲು ಫೋಕಸ್ ಮಾಡಿ, ಲಾಕ್ ಮಾಡಿ, ಆಮೇಲೆ ಫಿಲ್ಟರ್ ತಿರುಪಬೇಕು. ನಡೆದಾಡುತ್ತಲೇ ಫೋಟೋ ತೆಗೆಯುವವರಿಗೆ 6 ಸ್ಟಾಪ್ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅರ್ಧ ಅಂದಿದ್ದೇಕೆ ಅಂದರೆ, ಎನ್‌ಡಿಯ ಕೆಲಸವನ್ನು ಒಂದಷ್ಟು ಮಟ್ಟಿಗೆ ಬೇರೆ ದಾರಿಯಲ್ಲೂ ಮಾಡಬಹುದು. ಟ್ರೈಪಾಡ್ ಮೇಲೆ ಒಂದೇ ಚೌಕಟ್ಟಿನ ಹತ್ತಾರು ಫೋಟೋ ತೆಗೆದು ಸರಾಸರಿ ಮಾಡಿದರೆ ನೀರು ಹೆಚ್ಚುಕಡಿಮೆ ಹಾಗೇ ಮೆತ್ತಗಾಗುತ್ತದೆ, ನಾಯ್ಸೂ (ಚಿತ್ರದಲ್ಲಿ ಕಾಣುವ ಕಾಳುಕಾಳು) ಕಡಿಮೆಯಾಗುತ್ತದೆ. ಆದರೆ ಫೈಲುಗಳ ರಾಶಿ ಬೀಳುತ್ತದೆ. ರಾತ್ರಿ ತಂಗಿದ ಕೋಣೆಯಲ್ಲಿ ಕೂತು ಅವನ್ನೆಲ್ಲ ಜೋಡಿಸುವುದಕ್ಕಿಂತ ಜಾಗದಲ್ಲೇ ಒಂದು ಕ್ಲಿಕ್ಕಿನಲ್ಲಿ ಮುಗಿಸುವುದು ನನಗಿಷ್ಟ.

ವೇರಿಯಬಲ್ ಎನ್‌ಡಿ ನೋಡಲು ಆಸೆ ಹುಟ್ಟಿಸುತ್ತದೆ. ಒಂದೇ ಗಾಜು, ತಿರುಗಿಸಿದಂತೆ ಕಪ್ಪು ಹೆಚ್ಚುತ್ತದೆ. ಒಳಗಿರುವುದು ಎರಡು ಪೋಲರೈಸರ್. ಹಾಗಾಗಿ ವೈಡ್ ಲೆನ್ಸಿನಲ್ಲಿ ಕೊನೆಯ ತುದಿಗೆ ಹೋದರೆ ಚಿತ್ರದ ಮೇಲೆ ದೊಡ್ಡ ಗುಣಿಸು ಚಿಹ್ನೆಯಂಥ ನೆರಳು ಬೀಳುತ್ತದೆ. ವಿಡಿಯೊ ಮಾಡುವವರಿಗೆ ಇದೇ ಬೇಕು, ಚಲನೆ ಸಹಜವಾಗಿ ಕಾಣಲು ಬಿಸಿಲಿನಲ್ಲೂ ಶಟರನ್ನು 1/50 ಸೆಕೆಂಡಿನಲ್ಲೇ ನಿಲ್ಲಿಸಬೇಕಲ್ವಾ. ಫೋಟೋ ಮಾತ್ರ ತೆಗೆಯುವವರಿಗೆ ಬೇಡ.

ಗ್ರಾಜುಯೇಟೆಡ್ ಎನ್‌ಡಿ ಮನೆಯಲ್ಲೇ ಇರಲಿ. ಇದು ಆಕಾಶವನ್ನಷ್ಟೇ ಕಪ್ಪು ಮಾಡಲು ಮೇಲರ್ಧ ಮಾತ್ರ ಕಪ್ಪಿರುವ ಗಾಜು, ಗೆರೆ ಎಳೆದಂಥ ದಿಗಂತ ಸಿಕ್ಕಿದರೆ ಸರಿ. ಬೆಟ್ಟ, ಗೋಪುರ, ಮರ ಅಡ್ಡ ಬಂದರೆ ಅವುಗಳ ತಲೆಯೂ ಕಪ್ಪಾಗುತ್ತದೆ. ಆಕಾಶದ ಬೆಳಕನ್ನು ಆಮೇಲೆ ಸರಿಪಡಿಸಲು ರಾ ಫೈಲ್ (ಸೆನ್ಸರಿನ ಮಾಹಿತಿಯನ್ನು ಹಾಗೇ ಇಟ್ಟುಕೊಳ್ಳುವ ಫೈಲ್) ಇದೆ, ಬೆಳಕು ಹೆಚ್ಚುಕಡಿಮೆ ಮಾಡಿ ಎರಡು ಮೂರು ಎಕ್ಸ್‌ಪೋಷರ್ ತೆಗೆದು ಬೆರೆಸುವುದೂ ಸುಲಭ.

ಅತಿನೇರಳೆ ಕಿರಣ ತಡೆಯುವ ಯುವಿ ಫಿಲ್ಟರ್ ಫಿಲ್ಮ್ ಕಾಲದ್ದು. ಡಿಜಿಟಲ್ ಸೆನ್ಸರಿನ ಮುಂದೆ ಆ ಕಿರಣ ತಡೆಯುವ ಗಾಜು ಮೊದಲೇ ಇರುತ್ತದೆ. ಈಗ ಅದರ ಕೆಲಸ ಲೆನ್ಸಿಗೆ ಕಾವಲು ಅಷ್ಟೇ. ಮರಳು ಹಾರುವ ಕಡೆ, ಉಪ್ಪುನೀರು ಸಿಡಿಯುವ ಕಡೆ ನಾನೂ ಹಾಕುತ್ತೇನೆ. ರಾತ್ರಿ ಬೀದಿ ದೀಪಗಳಿರುವಾಗ ತೆಗೆದುಬಿಡುತ್ತೇನೆ. ಇಲ್ಲದಿದ್ದರೆ ದೀಪದ ತಲೆಕೆಳಗಾದ ಬಿಂಬವೊಂದು ಚೌಕಟ್ಟಿನ ಎದುರು ಮೂಲೆಯಲ್ಲಿ ತೇಲುತ್ತದೆ. ಮಿಕ್ಕ ಹೊತ್ತು ಗುದ್ದಿನಿಂದ ಕಾಯಲು ಹುಡ್ (ಲೆನ್ಸಿನ ಬಾಯಿಯ ಸುತ್ತ ಹಾಕುವ ಕವಚ) ಸಾಕು.

ಅಳತೆಗೆ ಬಂದರೆ, ನಿಮ್ಮಲ್ಲಿರುವ ಅತಿ ದೊಡ್ಡ ಲೆನ್ಸಿನ ಬಾಯಿಗೆ, 77 ಅಥವಾ 82 ಮಿಮೀ, ಒಂದೇ ಸೆಟ್ ಕೊಂಡು ಚಿಕ್ಕ ಲೆನ್ಸುಗಳಿಗೆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್-ಅಪ್ ರಿಂಗ್ ಹಾಕಿ. ಚಿಕ್ಕ ಲೆನ್ಸಿನ ಹುಡ್ ಆಗ ಕೂರುವುದಿಲ್ಲ, ಅದೊಂದು ನಷ್ಟ. ತಿರುಪಿನ ಫಿಲ್ಟರಿಗಿಂತ ಮ್ಯಾಗ್ನೆಟ್ ಫಿಲ್ಟರ್ ಎಷ್ಟೋ ಬೇಗ ಕೂರುತ್ತದೆ. ಆದರೆ ಜನಜಂಗುಳಿಯಲ್ಲಿ ಯಾರದೋ ಮೊಣಕೈ ತಗುಲಿದರೆ ಕಳಚಿ ಬೀಳಬಹುದು. ನನ್ನ ಪೋಲರೈಸರ್ ತಿರುಪಿನದು, ಎನ್‌ಡಿ ಮ್ಯಾಗ್ನೆಟ್‌ನದು. ಎನ್‌ಡಿ ಬಳಸುವಾಗ ಕ್ಯಾಮೆರಾ ಹೇಗೂ ಟ್ರೈಪಾಡ್ ಮೇಲಿರುತ್ತದೆ.

ಪೋಲರೈಸರ್ ಕೊಳ್ಳುವ ಮೊದಲು ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆದು, ಫಿಲ್ಟರಿನ ಮುಂಭಾಗವನ್ನು ಪರದೆಯ ಕಡೆ ಹಿಡಿದು ತಿರುಗಿಸಿ. ಪರದೆ ಕಪ್ಪಾಗಬೇಕು, ಅಂಚಿನಿಂದ ಅಂಚಿಗೆ ಒಂದೇ ಸಮ ಕಪ್ಪಾಗಬೇಕು. ಮಚ್ಚೆ ಮಚ್ಚೆಯಾಗಿ ಕಂಡರೆ ಅದನ್ನು ಅಲ್ಲೇ ವಾಪಸ್ ಇಟ್ಟುಬಿಡಿ.