ಮಳೆಗಾಲದ ಬೂಷ್ಟಿಗೆ ಡಿಹ್ಯುಮಿಡಿಫೈಯರ್: ಒಂದು ಮಳೆಗಾಲ ಓಡಿಸಿದ ಮೇಲೆ

ನಮ್ಮದು ತೀರ್ಥಹಳ್ಳಿ ಕಡೆ. ಆರಿದ್ರ ಮಳೆ ಹಿಡಿಯಿತು ಅಂದ್ರೆ ಮನೆಯಲ್ಲಿ ಬೂಷ್ಟು ಶುರು. ಹೋದ ವರ್ಷ ಬೀರು ತೆಗೆದರೆ ಯಜಮಾನರ ಚರ್ಮದ ಬೆಲ್ಟ್ ಪೂರ್ತಿ ಹಸಿರು, ನನ್ನ ಧಾರೆ ಸೀರೆ ಮಡಿಕೆಯಲ್ಲಿ ಬಿಳಿ ಚುಕ್ಕೆ. "ಹಳೇ ಮನೇಲಿ ಒಲೆ ಹೊಗೆ ಇತ್ತು ಮಾರಾಯ್ತಿ, ಬಟ್ಟೆ ಹೊಗೆ ನಾತ ಬರ್ತಿತ್ತು, ಬೂಷ್ಟು ಬರ್ತಿರ್ಲಿಲ್ಲ" ಅಂದರು ಅತ್ತೆ. ಈಗ ತಾರಸಿ ಮನೆ, ಗ್ಯಾಸ್ ಒಲೆ, ಹೊಗೆ ಎಲ್ಲಿಂದ ತರೋದು?

ಸರಿ, 12 ಲೀಟರಿನ ಡಿಹ್ಯುಮಿಡಿಫೈಯರ್, ಅಂದ್ರೆ ಗಾಳಿಯ ತೇವ ಹೀರುವ ಕರೆಂಟ್ ಮಿಷನ್, ತರಿಸಿದೆ. ದಿನಕ್ಕೆ 12 ಲೀಟರ್ ನೀರು ಹಿಂಡುತ್ತೆ ಅಂತ ಡಬ್ಬದ ಮೇಲಿತ್ತು. ಆದರೆ ಆ ಲೆಕ್ಕ 30 ಡಿಗ್ರಿ ಸೆಖೆಯಲ್ಲಿ ತೆಗೆದದ್ದು. ನಮ್ಮ ಜುಲೈ ಚಳಿಗೆ ರಾತ್ರಿಯಿಡೀ ಓಡಿದರೆ ಮೂರು ಲೀಟರ್ ಸಿಕ್ಕರೆ ಹೆಚ್ಚು. ಆದರೂ ಕಣ್ಣೆದುರಿಗೇ ಗಾಳಿಯಿಂದ ಮೂರು ಲೀಟರ್ ನೀರು! ತೇವ ನೋಡುವ ಮೀಟರ್ ಸಂಜೆ ಶೇಕಡಾ 91 ಇದ್ದದ್ದು ಬೆಳಗ್ಗೆ 58ಕ್ಕೆ ಇಳಿದಿತ್ತು. 60ರ ಒಳಗಿದ್ದರೆ ಬೂಷ್ಟಿಗೆ ಬೆಳೆಯೋದು ಕಷ್ಟ. ಬಾಗಿಲು, ಕಿಟಕಿ ಮಾತ್ರ ಮುಚ್ಚಿರಬೇಕು, ಇಲ್ಲದಿದ್ರೆ ಇಡೀ ಮಲೆನಾಡನ್ನೇ ಒಣಗಿಸೋಕೆ ಹೊರಟ ಹಾಗೆ. ನಮ್ಮ ಮಾವ ಗಾಳಿ ಬರಲಿ ಅಂತ ದಿನಾ ಕಿಟಕಿ ತೆಗೀತಿದ್ರು, ಅದೇ ಒಂದು ಜಗಳ.

ಕರೆಂಟ್ ಖರ್ಚು ಎಂಟು ಗಂಟೆಗೆ ಸುಮಾರು ಎರಡು ಯೂನಿಟ್. ಸದ್ದು ಹಳೇ ಫ್ರಿಜ್ಜಿನಷ್ಟು, ಹಾಗಾಗಿ ಮಲಗುವ ಕೋಣೆಗೆ ಬೇಡ. ನನಗೆ ಸಿಟ್ಟು ಬಂದದ್ದು ಒಂದಕ್ಕೇ: ಕರೆಂಟ್ ಹೋಗಿ ಬಂದರೆ ತಾನಾಗಿ ಆನ್ ಆಗಲ್ಲ. ನಮ್ಮೂರಿನ ಮಳೆಯಲ್ಲಿ ಕರೆಂಟ್ ರಾತ್ರಿ ಎಷ್ಟು ಸಲ ಹೋಗುತ್ತೆ ಅಂತ ಗೊತ್ತಲ್ವಾ, ಎದ್ದೆದ್ದು ಗುಂಡಿ ಒತ್ತಬೇಕು. ಕೊಳ್ಳುವ ಮೊದಲು ಇದನ್ನು ಕೇಳಿಕೊಳ್ಳಿ.

ಇನ್ನೊಂದು, ಸೋರುವ ಗೋಡೆಗೆ ಇದು ಮದ್ದಲ್ಲ. ಹಿಂದಿನ ಕೋಣೆಯಲ್ಲಿ ಎರಡು ವಾರ ಸುಮ್ನೆ ಓಡಿಸಿದೆ, ಕಪ್ಪು ಕಲೆ ಮತ್ತೆ ಬಂತು. ಆಮೇಲೆ ನೋಡಿದರೆ ಸಜ್ಜಾದಲ್ಲಿ ಬಿರುಕು. ಅದನ್ನು ಮುಚ್ಚಿಸಿ, ಮಾಸ್ಕ್ ಹಾಕ್ಕೊಂಡು ಸೋಪು ನೀರಿನ ಬಟ್ಟೆಯಲ್ಲಿ ಗೋಡೆ ಒರೆಸಿದ ಮೇಲೇ ನಿಂತದ್ದು. ಒಣ ಪೊರಕೆಯಲ್ಲಿ ಗುಡಿಸಬೇಡಿ, ಬೂಷ್ಟಿನ ಪುಡಿ ಕೋಣೆಯೆಲ್ಲ ಹಾರುತ್ತೆ. ಬ್ಲೀಚ್ ಹಾಕುವವರು ಅದಕ್ಕೆ ವಿನೆಗರ್ ಆಗಲಿ, ಆಸಿಡ್ ಆಗಲಿ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತೆ.

ಒಂದೇ ಬೀರು ಇದ್ದರೆ ಇಷ್ಟು ದುಡ್ಡು ದಂಡ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಸಾಕು. ಅದರಲ್ಲಿ ತುಂಬುವ ನೀರು ಸೀರೆ ಮೇಲೆ ಚೆಲ್ಲದ ಹಾಗೆ ನೋಡ್ಕೊಳ್ಳಿ. ನಾನಂತೂ ಈ ಸಲ ರೋಹಿಣಿ ಮಳೆಗೇ ಮಿಷನ್ ಫಿಲ್ಟರ್ ತೊಳೆದಿಟ್ಟಿದ್ದೀನಿ. ಬೆಲ್ಟ್ ಮಾತ್ರ ಹೊಸದು ತಗೋಬೇಕಾಯ್ತು.