ಒಂದೇ ತೊಗರಿ, ನಾಲ್ಕು ಬರಹ: ಟೈಪಿಂಗ್, ಮಾತು, ಎಐ, ನೋಟ್‌ಬುಕ್

ಚೆನ್ನಾಗಿ ಬರೆಯೋದು ಹೇಗೆ ಅಂತ ಕೇಳಿದರೆ ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಯಾವ ದಾರಿಯಲ್ಲಿ ಬರೆದರೆ ಎಂಥ ಬರಹ ಕೈಗೆ ಬರುತ್ತದೆ ಅಂತ ಪಕ್ಕಪಕ್ಕ ಇಟ್ಟು ತೋರಿಸುವವರು ಕಡಿಮೆ. ಅದಕ್ಕೇ ಒಂದೇ ವಿಷಯವನ್ನು ನಾಲ್ಕು ರೀತಿ ಬರೆದು ನೋಡಿದೆ. ವಿಷಯ ನಮ್ಮ ಕಲಬುರಗಿ ತೊಗರಿ. 2019ರಲ್ಲಿ ಭೌಗೋಳಿಕ ಸೂಚಕ (ಜಿಐ), ಅಂದರೆ ಇದು ಈ ನೆಲದ್ದೇ ಅನ್ನುವ ಅಧಿಕೃತ ಗುರುತು, ಸಿಕ್ಕಿರುವ ಬೆಳೆ. ಊರಿನವರಿಗೆ ಹೊಸದೇನಲ್ಲ, ಹೊರಗಿನವರಿಗೆ ಗೊತ್ತಿರೋದು ಕುಕ್ಕರಿಗೆ ಬೀಳುವ ಬೇಳೆ ಮಾತ್ರ. ಓದುಗರೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಮೈಸೂರಿನಿಂದ ನಮ್ಮ ಮನೆಗೆ ಸೊಸೆಯಾಗಿ ಬಂದ ವೈನಿಯನ್ನು, ಅಂದರೆ ಅತ್ತಿಗೆಯನ್ನು. ದಿನಾ ಬೇಳೆ ಬೇಯಿಸುತ್ತಾರೆ, ಹೊಲದಲ್ಲಿ ತೊಗರಿ ಗಿಡ ಹೇಗಿರುತ್ತದೆ ಅಂತ ನೋಡಿಲ್ಲ.

ನೇರ ಟೈಪಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡದ ಕಗಪ ಕೀಲಿಮಣೆ ಬೆರಳಿಗೆ ಕೂತಿದೆ, ವೇಗಕ್ಕೆ ಕೊರತೆಯಿಲ್ಲ. ಆದರೆ ಪರದೆ ಮುಂದೆ ಕೂತರೆ ಮೊದಲ ಪ್ಯಾರಾವನ್ನೇ ಉಜ್ಜುತ್ತ ಕೂರುತ್ತೇನೆ, ಅಷ್ಟೊತ್ತಿಗೆ ಕೊನೆಯ ಪ್ಯಾರಾಕ್ಕೆ ದಮ್ಮೇ ಉಳಿದಿರುವುದಿಲ್ಲ. ಸಿಕ್ಕ ಲೇಖನ ಶುದ್ಧವಾಗಿತ್ತು, ಸರ್ಕಾರಿ ಸುತ್ತೋಲೆಗೆ ಹತ್ತಿರವಾಗಿತ್ತು. ವಾಕ್ಯಗಳನ್ನು ಹಿಂದೆ ಮುಂದೆ ಮಾಡಿ ತಿದ್ದೋದಕ್ಕೆ ಮಾತ್ರ ಕಂಪ್ಯೂಟರಿಗೆ ಸಾಟಿಯಿಲ್ಲ. (ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡುವವರು ಯೂನಿಕೋಡಿಗೆ ಬದಲಿಸಿಯೇ ಕಳಿಸಿ. ಇಲ್ಲದಿದ್ದರೆ ಇನ್ನೊಬ್ಬರ ಫೋನಿನಲ್ಲಿ ಬರೋದು ಬರೀ ಕಲಸುಮೇಲೋಗರ.)

ಫೋನಿಗೆ ಮಾತಾಡಿ ಬರೆಸಿದ್ದು ಪೂರ್ತಿ ಬೇರೆಯೇ ಥರ. ವೈನಿ ಎದುರಿಗೆ ಕೂತಿದ್ದಾರೆ ಅಂದುಕೊಂಡು ಹೇಳುತ್ತ ಹೋದೆ. ಟೈಪ್ ಮಾಡಿದ ಲೇಖನದಲ್ಲಿ ಒಂದು ವಾಕ್ಯ ಹೀಗಿತ್ತು: ‘ಹೂಬಿಡುವ ಹಂತದಲ್ಲಿ ಮಂಜು ಕವಿದ ವಾತಾವರಣವು ಇಳುವರಿಯ ಮೇಲೆ ಪ್ರತಿಕೂಲ ಪರಿಣಾಮ ಬೀರುತ್ತದೆ.’ ಅದೇ ಸಂಗತಿ ಬಾಯಲ್ಲಿ ಬಂದಿದ್ದು: ‘ಹೂ ಬಿಡೋ ಹೊತ್ತಿಗೆ ಮಂಜು ಬಿತ್ತಂದ್ರ ಮುಗೀತು ನೋಡ್ರಿ, ಹೂ ಎಲ್ಲಾ ನೆಲಕ್ಕ.’ ಎರಡನ್ನೂ ಹೇಳಿದವಳು ನಾನೇ. ಯಾವುದನ್ನು ಓದುತ್ತಾರೆ ಅನ್ನೋದನ್ನು ಕೇಳಬೇಕಾಗಿಯೇ ಇಲ್ಲ.

ಆದರೆ ಕಲಬುರಗಿ ಮಾತನ್ನು ಫೋನು ಕೇಳಿಸಿಕೊಳ್ಳುವ ಚೆಂದವೇ ಬೇರೆ. ‘ಅಡತಿ ಅಂಗಡಿ’ (ದಲ್ಲಾಳಿ ಅಂಗಡಿ) ಅಂದರೆ ‘ಆರತಿ ಅಂಗಡಿ’ ಅಂತ ಬರೆಯಿತು. ಪೂರ್ಣವಿರಾಮವಂತೂ ಇಲ್ಲವೇ ಇಲ್ಲ, ಎಲ್ಲಿ ಉಸಿರು ತೆಗೆದುಕೊಂಡೆ ಅನ್ನೋದನ್ನು ಆಮೇಲೆ ನಾನೇ ಹುಡುಕಬೇಕು. ಇದಕ್ಕಿಂತ ದೊಡ್ಡ ತೊಂದರೆ ಮಾತಿನದ್ದೇ. ಕೇಳೋಕೆ ಲವಲವಿಕೆಯಿಂದ ಇರುತ್ತದೆ, ಆದರೆ ಒಳಗೆ ಹೊಸದೇನೂ ಇರುವುದಿಲ್ಲ. ಎರೆ ಭೂಮಿ (ಕಪ್ಪು ಮಣ್ಣಿನ ಹೊಲ) ತೊಗರಿಗೆ ಒಳ್ಳೆಯದು ಅಂತ ಮತ್ತೆ ಮತ್ತೆ ಹೇಳಿದ್ದೆ. ಯಾಕೆ ಒಳ್ಳೆಯದು ಅಂತ ಒಂದು ಸಲವೂ ಹೇಳಿರಲಿಲ್ಲ. ಆ ಮಣ್ಣು ತೇವ ಹಿಡಿದಿಡುತ್ತದೆ, ತೊಗರಿಯ ತಾಯಿಬೇರು ಆಳಕ್ಕಿಳಿದು ಅದನ್ನು ಹೀರುತ್ತದೆ, ಹಾಗಾಗಿ ಮಳೆಗಾಲ ಮುಗಿದ ಮೇಲೂ ಗಿಡ ನಿಲ್ಲುತ್ತದೆ. ಈ ಮೂರು ಮಾತು ಆಮೇಲೆ ಸೇರಿಸಿದ್ದು.

ಎಐ ಚಾಟ್‌ಬಾಟಿಗೆ ‘ಕಲಬುರಗಿ ತೊಗರಿ ಬಗ್ಗೆ ಲೇಖನ ಬರೆ’ ಅಂದೆ. ಕಣ್ಣು ಮಿಟುಕಿಸೋದರೊಳಗೆ ಬಂತು. ‘ರೈತರ ಬದುಕಿನ ಬೆನ್ನೆಲುಬು’, ‘ಶ್ರೀಮಂತ ಕೃಷಿ ಪರಂಪರೆ’, ‘ಅನನ್ಯ ರುಚಿ ಮತ್ತು ಸುವಾಸನೆ’. ಕಾಗುಣಿತ ನನ್ನದಕ್ಕಿಂತ ಚೆನ್ನಾಗಿತ್ತು. ಒಂದು ಪರೀಕ್ಷೆ ಮಾಡಿದೆ: ತೊಗರಿ ತೆಗೆದು ಭತ್ತ ಹಾಕಿದೆ, ಕಲಬುರಗಿ ತೆಗೆದು ರಾಯಚೂರು ಹಾಕಿದೆ. ಹೆಚ್ಚುಕಮ್ಮಿ ಒಂದು ವಾಕ್ಯವೂ ಮುರಿಯಲಿಲ್ಲ. ಬೇರೆ ಬೆಳೆ, ಬೇರೆ ಊರಿಗೂ ಹೊಂದುವ ವಾಕ್ಯದಿಂದ ನಮ್ಮ ಓದುಗರಿಗೆ ಏನು ಸಿಗುತ್ತದೆ? ಈಗ ನನ್ನ ಬರಹವನ್ನೂ ಇದೇ ಜರಡಿಯಲ್ಲಿ ಹಾಕುತ್ತೇನೆ. ಇಳುವರಿಯ ಅಂಕಿಯೊಂದನ್ನೂ ಅದು ಬಹಳ ಧೈರ್ಯವಾಗಿ ಕೊಟ್ಟಿತ್ತು. ಎಲ್ಲಿಂದ ತಂದೆ ಅಂತ ಕೇಳಿದಾಗ ಕ್ಷಮೆ ಕೇಳಿ ಬೇರೆ ಅಂಕಿ ಕೊಟ್ಟಿತು. ಎರಡನ್ನೂ ಬಿಟ್ಟೆ.

ಹಾಗಂತ ಅದನ್ನು ಪೂರ್ತಿ ತಳ್ಳಿಹಾಕೋದಿಲ್ಲ. ‘ತಿದ್ದಬೇಡ, ಹೊಸ ಓದುಗನಾಗಿ ಪ್ರಶ್ನೆ ಮಾತ್ರ ಕೇಳು’ ಅಂತ ನನ್ನ ಕರಡನ್ನೇ ಕೊಟ್ಟಾಗ ಅದರ ಧಾಟಿಯೇ ಬದಲಾಯಿತು. ‘ಕುಡಿ ಚಿವುಟುವುದು ಅಂದಿದ್ದೀರಿ, ಯಾಕೆ ಚಿವುಟಬೇಕು?’ ಅಂತ ಕೇಳಿತು. ನಮಗೆ ಸಹಜವಾದದ್ದು ವೈನಿಗೆ ಗೊತ್ತಿರುವುದಿಲ್ಲವಲ್ಲ. ಬಿತ್ತಿದ ಸುಮಾರು 45-50 ದಿನಕ್ಕೆ ತುದಿ ಚಿವುಟಿದರೆ ಗಿಡ ಉದ್ದಕ್ಕೆ ಓಡೋದು ಬಿಟ್ಟು ಪಕ್ಕದ ಟೊಂಗೆ ಹೆಚ್ಚು ಒಡೆಯುತ್ತದೆ, ಕಾಯಿಯೂ ಹೆಚ್ಚುತ್ತದೆ. ಲೇಖನದಲ್ಲಿ ವೈನಿಗೆ ಹಿಡಿಸಿದ ಪ್ಯಾರಾ ಇದೇ.

ಕೊನೆಯದು ನೋಟ್‌ಬುಕ್. ಜನವರಿಯಲ್ಲಿ, ಹೊಸ ತೊಗರಿ ಬರುವ ಹೊತ್ತಿಗೆ, ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರು ಗಂಜಿಗೆ ಹೋಗಿ ನಿಂತೆ. ಲಾರಿ, ಟಂಟಂ, ಚೀಲ ಹೊತ್ತ ಹಮಾಲರು, ಮೂಗಿಗೆ ಹೊಡೆಯುವ ತೊಗರಿ ಧೂಳು. ಖರೀದಿದಾರ ಚೀಲದಿಂದ ಒಂದು ಹಿಡಿ ತೆಗೆದು, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿದ. ಕಟ್ ಅಂದರೆ ಒಣಗಿದೆ, ಮೆತ್ತಗಿದ್ದರೆ ಹಸಿ. ಇದು ನಮ್ಮ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನನಗೂ ಗೊತ್ತಿರಲಿಲ್ಲ, ಮನೆಯಲ್ಲಿ ಕೂತಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ.

ಚೀಲದ ಮೇಲೆ ಕೂತಿದ್ದ ಹಿರಿಯರನ್ನು ಕೇಳಿದೆ: ‘ಕಾಕಾ, ಈ ಸಲ ಹ್ಯಾಂಗದ ಬೆಳಿ?’

‘ಹ್ಯಾಂಗ ಅಂತಿ ತಂಗಿ, ನಡುವ ಹೆಸರು ಹಾಕಿದ್ದಕ್ಕ ಉಳಕೊಂಡೀನಿ.’

ತೊಗರಿ ಸಾಲುಗಳ ನಡುವೆ ಬಿತ್ತಿದ ಹೆಸರುಕಾಳು ಎರಡು ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಕೊಯ್ಲಿಗೆ ಬರೋದು ಡಿಸೆಂಬರ್-ಜನವರಿಗೆ. ಆ ಆರು ತಿಂಗಳು ಮನೆ ನಡೆಯೋದು ಹೇಗೆ ಅನ್ನೋದಕ್ಕೆ ಉತ್ತರ ಅವರ ಒಂದೇ ಮಾತಿನಲ್ಲಿ ಇತ್ತು. ಒಂದೇ ಹೊಲಕ್ಕೆ ವರ್ಷ ವರ್ಷ ತೊಗರಿ ಹಾಕಿದರೆ ಸೊರಗು ರೋಗ ಬಂದು ಗಿಡ ನಿಂತಲ್ಲೇ ಒಣಗುತ್ತದೆ, ರೋಗದ ಶಿಲೀಂಧ್ರ ಮಣ್ಣಲ್ಲೇ ಉಳಿದಿರುತ್ತದೆ ಅನ್ನೋದೂ ಅಲ್ಲಿಯ ಮಾತಿನ ನಡುವೆಯೇ ಬಂತು. ಕೈಬರಹ ನಿಧಾನ, ಒಂದು ಹೊತ್ತು ಹೋಗುತ್ತದೆ, ಬಿಸಿಲು ಬೇರೆ. ನನ್ನ ಅಕ್ಷರ ಆಮೇಲೆ ನನಗೇ ಓದೋಕಾಗಲ್ಲ, ಅದು ಬೇರೆ ಮಾತು.

ನಾಲ್ಕರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ಯೋಚಿಸದೆ ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಎಲ್ಲವೂ ಇದ್ದರೆ ಈ ಸಾಲಿನಲ್ಲಿ: ಮೊದಲು ಗಂಜ್ ಅಥವಾ ಹೊಲ, ಆಮೇಲೆ ಟಿಪ್ಪಣಿ ಎದುರಿಟ್ಟುಕೊಂಡು ಫೋನಿಗೆ ಮಾತು, ಕಂಪ್ಯೂಟರಿನಲ್ಲಿ ತಿದ್ದೋದು, ಕೊನೆಗೆ ಎಐನಿಂದ ಪ್ರಶ್ನೆ. ಈ ಸಾಲು ತಿರುಗಿ ಎಐ ಮೊದಲಿಗೆ ಬಂದರೆ ಅದರ ‘ಬೆನ್ನೆಲುಬು’ ತಲೆಯಲ್ಲಿ ಕೂತುಬಿಡುತ್ತದೆ, ಗಂಜಿನಲ್ಲಿ ನಿಂತರೂ ಅದನ್ನೇ ಹುಡುಕುತ್ತೇವೆ.

ನೌಕರಿ ಬಿಟ್ಟು ಗಂಜಿಗೆ ಹೋಗೋಕೆ ಆಗದವರು ಊರಿನ ಒಬ್ಬರಿಗೆ ಫೋನ್ ಮಾಡಿ. ‘ತೊಗರಿ ಬಗ್ಗೆ ಹೇಳ್ರಿ’ ಅಂದರೆ ಅವರೂ ಸುತ್ತೋಲೆ ಭಾಷೆಗೆ ಇಳಿಯುತ್ತಾರೆ. ‘ಇವತ್ತು ಮುಂಜಾನೆ ಹೊಲದಾಗ ಏನ್ ಮಾಡಿದ್ರಿ?’ ಅಂತ ಕೇಳಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ.